ರತೀಬಾ ಕೂಗಲಿಲ್ಲ

೧
ಎಲ್ಲಿಂದ ಶುರು ಮಾಡಲಿ? ಮನ್ಸೂರಾ ಪಟ್ಟಣದ ಹತ್ತಿರದ ಹಳ್ಳಿಯ ಆ ನಿಶ್ಚಿತಾರ್ಥದಿಂದಲೇ? ಇಲ್ಲಾ, ಕಾಲುವೆ ನೀರಿನ ಹುಳುರೋಗಕ್ಕೆಂದು ಶಾಲೆಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದೇ ಸೂಜಿಯಲ್ಲಿ ಇಂಜೆಕ್ಷನ್ ಚುಚ್ಚಿದ ಹಳೇ ಕಾಲದಿಂದಲೇ? (ಸೂಜಿ ಎಂದರೆ ನೀವು ಪುಟ ಮಗುಚುತ್ತೀರಿ. ನಾನೂ ಅಷ್ಟೇ.)

ನಿಶ್ಚಿತಾರ್ಥವೇ ಇರಲಿ. ರತೀಬಾಳ ತಂಗಿ ಇನ್ಸಾಫಳ ಮಗನದು. ಇಂಥ ಹೊತ್ತಿನಲ್ಲಿ ಹೆಂಗಸರು ನಾಲಿಗೆ ಆಡಿಸಿ ಉದ್ದಕ್ಕೊಂದು ಸಂಭ್ರಮದ ಕೂಗು ತೆಗೆಯಬೇಕು. ಅದಕ್ಕೆ ಊರಲ್ಲೆಲ್ಲ ರತೀಬಾಳೇ ಸೈ. ಉಂಗುರ ತೊಡಿಸಿದರು, ಎಲ್ಲರೂ ಅವಳತ್ತ ತಿರುಗಿದರು. ರತೀಬಾ ಬಾಯಿ ತೆರೆದಳು, ಹಾಗೇ ಮುಚ್ಚಿದಳು.

ಅವಳ ಮಗನಿಗೆ ಇನ್ನೂ ಹೆಣ್ಣು ಸಿಕ್ಕಿರಲಿಲ್ಲ. ಹೊಟ್ಟೆಕಿಚ್ಚು ಎಂದು ಮಾತಾಯಿತು. ಇನ್ಸಾಫ್ ಅಂದಿನಿಂದ ಅಕ್ಕನ ಮನೆಗೆ ಕಾಲಿಡಲಿಲ್ಲ.

೨
ಇಲ್ಲಿ ರತೀಬಾ ಚೆನ್ನಾಗಿ ಅಳುವಂತೆ ಬರೆದಿದ್ದೆ. ಅವಳು ಒಪ್ಪಲಿಲ್ಲ.

"ಬಾಯಲ್ಲಿ ಎಂಜಲೇ ಇಲ್ಲ, ಕಣ್ಣಿಗೆ ನೀರು ಎಲ್ಲಿಂದ ತರ್ಲಿ? ನಿಂಗೇನಪ್ಪ, ಕೂತ್ಕೊಂಡು ಬರೀತೀಯ."

(ನನ್ನ ಪಾತ್ರವೇ ನನಗೆ ಏಕವಚನ. ಇರಲಿ, ವಯಸ್ಸಿನಲ್ಲಿ ದೊಡ್ಡವಳು.) ಡ್ರಾಫ್ಟ್ ಹರಿದು ಹಾಕಿ ಅವಳನ್ನು ಆಸ್ಪತ್ರೆಗೆ ಕಳಿಸಿದೆ.

೪
(ಮೂರರಲ್ಲಿ ಡಾಕ್ಟರಮ್ಮನ ಭಾಷಣವಿತ್ತು. ಬೋರು.) ಸಾರಾಂಶ ಇಷ್ಟು: ಹೆಪಟೈಟಿಸ್ ಸಿ. ಶಾಲೆಯಲ್ಲಿ ಅವಳಿಗೂ ಚುಚ್ಚಿದ ಆ ಸೂಜಿಯಿಂದಲೇ ಬಂದಿರಬೇಕು. ಇಷ್ಟು ವರ್ಷ ಲಿವರಿನಲ್ಲಿ ಸದ್ದಿಲ್ಲದೆ ಕೂತಿತ್ತು. ಅದರ ಜೊತೆ ಗುದ್ದಾಡಿ ತಲೆಕೆಟ್ಟ ಮೈಯ ಕಾವಲುಪಡೆ ತನ್ನದೇ ಎಂಜಲಿನ, ಕಣ್ಣೀರಿನ ಗ್ರಂಥಿಗಳ ಮೇಲೆ ಬಿದ್ದಿತ್ತು. ಮಾತ್ರೆಗೆ ವೈರಸ್ ಹೋಗುತ್ತದೆ, ಒಣಗಿದ ಬಾಯಿ ಮತ್ತೆ ತೇವವಾದೀತೆಂದು ಮಾತ್ರ ಮಾತು ಕೊಡಲಾರೆ ಎಂದರು ಡಾಕ್ಟರಮ್ಮ.

ವೈರಸ್ ಹೋಯಿತು. ಬಾಯಿ ಒಣಗೇ ಇತ್ತು.

೫
ಮುಕ್ತಾಯ ಒಂದು: ಮದುವೆಯ ದಿನ ರತೀಬಾ ಕೂಗುತ್ತಾಳೆ, ಊರೆಲ್ಲ ಕಣ್ಣೊರೆಸಿಕೊಳ್ಳುತ್ತದೆ. (ಸಿನಿಮಾ. ಹೊಡೆದು ಹಾಕಿದೆ.)

ಮುಕ್ತಾಯ ಎರಡು: ಇನ್ಸಾಫ್ ಮದುವೆಗೆ ಕರೆಯುವುದೇ ಇಲ್ಲ. ಇದನ್ನು ಬರೆಯುತ್ತಿದ್ದಂತೆ ರತೀಬಾ ಚಾದರ ಹೊದ್ದು, ನನ್ನನ್ನು ಕೇಳದೆ ಎದ್ದು ತಂಗಿಯ ಮನೆಗೆ ನಡೆದಳು. ನಾನು ಹಿಂದೆ ಓಡಿದೆ.

ಇನ್ಸಾಫ್ ಬಾಗಿಲು ತೆರೆದಳು. ಒಳಗೆ ಬಾ ಅನ್ನಲಿಲ್ಲ. ರತೀಬಾ ಕಾಯಿಲೆಯ ವಿಷಯವನ್ನೆಲ್ಲ ನಿಂತಲ್ಲೇ ಹೇಳಿದಳು. ತಂಗಿಯಿಂದ ಕ್ಷಮೆ ಕೇಳಿಸಿಕೊಳ್ಳಲು ಬಂದಿದ್ದಾಳೆಂದು ನಾನು ತಿಳಿದಿದ್ದೆ.

"ಮದುವೆಗೆ ಕರೀಬೇಡ, ಬಿಡು. ಟೆಸ್ಟ್ ಮಾಡಿಸ್ಕೋ. ಆ ಸಾಲಲ್ಲಿ ನನ್ನ ಹಿಂದೆ ನೀನೇ ಅಲ್ವೇನೇ ನಿಂತಿದ್ದು? ಅಳ್ತಿದ್ದೆ ನೀನು. ಏನಾಗಲ್ಲ, ಕೈ ಚಾಚು ಅಂದವಳು ನಾನೇ."

ಇನ್ಸಾಫ್ ಒಳಗೆ ಹೋಗಿ ಒಂದು ಲೋಟ ನೀರು ತಂದಳು. ಅಕ್ಕನಿಗೆ ಕೊಡುವ ಮೊದಲು ತಾನೇ ಒಂದು ಗುಟುಕು ಕುಡಿದಳು.

"ನಂಗೂ ಈಚೆಗೆ ರೊಟ್ಟಿ ಗಂಟಲಲ್ಲಿ ಇಳೀತಿಲ್ಲ ಅಕ್ಕಾ," ಎಂದಳು.

೬
ಟೆಸ್ಟಿನಲ್ಲಿ ಏನು ಬಂತು, ಮದುವೆಯಲ್ಲಿ ಯಾರು ಕೂಗಿದರು ಎಂದು ನನ್ನನ್ನು ಕೇಳಬೇಡಿ. ಇಬ್ಬರೂ ಇನ್ನೂ ಬಾಗಿಲಲ್ಲೇ ಇದ್ದಾರೆ. ಇನ್ಸಾಫ್ ಕೈ ಚಾಚಿದ್ದಾಳೆ, ರತೀಬಾ ಹಿಡಿದುಕೊಂಡಿದ್ದಾಳೆ. ಬಿಡಿಸಲು ನನಗೆ ಮನಸ್ಸಿಲ್ಲ.