ಮುನಿಶಾಮಮ್ಮ ಮಣ್ಣು ಮಾಡಿಸಿದ ದಿನ

1957ರ ಒಂದು ಬೆಳಿಗ್ಗೆ, ಏಳು ಗಂಟೆಯ ಹೊತ್ತಿಗೆ ನೆಲ ಅದುರಿತು. ಚಿನ್ನದ ಗಣಿಯ ನಂದಿದುರ್ಗದ ಕಡೆಯ ಕೂಲಿಕಾರರ ಲೈನು ಮನೆಗಳಲ್ಲಿ ಪಾತ್ರೆಗಳು ಗಲಗಲ ಎಂದು ಸುಮ್ಮನಾದವು. ಗಣಿಯೊಳಗೆ ಎಲ್ಲೋ ಬಂಡೆ ಸಿಡಿದಿದೆ ಎಂದು ಎಲ್ಲರಿಗೂ ತಿಳಿಯಿತು. ಯಾರ ಮೇಲೆ ಎಂದು ತಿಳಿಯುವಾಗ ಬೆಳಗಿನ ಹತ್ತು ಗಂಟೆ ಹೊಡೆದಿತ್ತು. ಸತ್ತವನು ಪೆರುಮಾಳ್.

ಪಕ್ಕದ ಮನೆಯ ಮುನಿಶಾಮಮ್ಮ ಆ ಮಾತು ಕೇಳಿ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟಳು. ಹಿಂದಿನ ದಿನ ನಲ್ಲಿಯ ಹತ್ತಿರ ಅವಳ ಕೊಡ ಎತ್ತಿ ಸೊಂಟಕ್ಕೆ ಇಟ್ಟವನು ಅವನೇ. ಪೆರುಮಾಳ್, ಅವನ ಹೆಂಡತಿ ನರಸಮ್ಮ, ಮುನಿಶಾಮಮ್ಮ, ಇನ್ನೊಂದು ಹತ್ತು ಮನೆಯವರು ಸೇರಿ ತಗಡಿನ ಶೆಡ್ಡೊಂದನ್ನು ಕ್ರೈಸ್ತ ಪ್ರಾರ್ಥನಾ ಮಂದಿರ ಮಾಡಿಕೊಂಡಿದ್ದರು. ಮುನಿಶಾಮಮ್ಮ ದೀಕ್ಷಾಸ್ನಾನ ಪಡೆದು ಎಂಟೇ ತಿಂಗಳಾಗಿತ್ತು. ಓದು ಬರಹ ಬಾರದ ವಿಧವೆ. ಮಂದಿರದ ಕಸ ಗುಡಿಸಿ ಚಾಪೆ ಹಾಸುವುದು ಅವಳ ಕೆಲಸ. ಭಾನುವಾರ ಉಪದೇಶ ಮಾಡಲು ಬಂಗಾರಪೇಟೆಯಿಂದ ಜ್ಞಾನಮುತ್ತು ಎಂಬ ವಯಸ್ಸಾದ ಉಪದೇಶಿ ರೈಲಿನಲ್ಲಿ ಬರುತ್ತಿದ್ದರು.

ಸಂಜೆಯೊಳಗೆ ಮಣ್ಣಾಗಬೇಕಿತ್ತು. ಗಂಡಸರೆಲ್ಲ ಗಣಿಯ ಬಾಗಿಲಲ್ಲಿ ದೇಹಕ್ಕಾಗಿ ಕಾದಿದ್ದರು. ಉಪದೇಶಿಯವರನ್ನು ಕರೆತರಲು ಮುನಿಶಾಮಮ್ಮನೇ ರೈಲು ಹತ್ತಿದಳು.

ಬಂಗಾರಪೇಟೆಯ ಅವರ ಮನೆಯಲ್ಲಿ ಅವಳಿಗೆ ಎರಡನೆಯ ಆಘಾತ ಕಾದಿತ್ತು. ಉಪದೇಶಿ ಮಂಚದ ಮೇಲೆ ಮಲಗಿದ್ದರು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಮೊನ್ನೆ ಸ್ನಾನಕ್ಕೆ ಹೋದವರು ಬಿದ್ದರೆಂದೂ, ಅಂದಿನಿಂದ ಮಾತಿಲ್ಲವೆಂದೂ ಅವರ ಹೆಂಡತಿ ರೂತಮ್ಮ ಹೇಳಿದರು. ಎಡಗೈ ಮಾತ್ರ ಆಡುತ್ತಿತ್ತು. ಮುನಿಶಾಮಮ್ಮ ನೆಲಕ್ಕೆ ಕುಳಿತು ಪೆರುಮಾಳನ ಸುದ್ದಿ ಹೇಳಿದಳು. ಉಪದೇಶಿಯ ಕಣ್ಣಲ್ಲಿ ನೀರು ಬಂತು. ಅವರು ಸ್ಲೇಟು ತರಿಸಿಕೊಂಡು ಎಡಗೈಯಲ್ಲಿ ಸೊಟ್ಟಸೊಟ್ಟಾಗಿ ಏನೋ ಬರೆದರು.

ರೂತಮ್ಮ ಓದಿ ಗಂಡನ ಮುಖ ನೋಡಿದರು. ಮತ್ತೆ ಓದಿದರು. “ನೀನೇ ಮಣ್ಣು ಮಾಡಿಸಬೇಕಂತೆ ಕಣಮ್ಮ,” ಎಂದರು.

ಮುನಿಶಾಮಮ್ಮನಿಗೆ ತಾನು ತಪ್ಪು ಕೇಳಿಸಿಕೊಂಡೆ ಅನ್ನಿಸಿತು. “ಅಯ್ಯಾ, ನಂಗೆ ಒಂದಕ್ಸರ ಬರಲ್ಲ. ಎಂಗಸು ಬೇರೆ. ಬ್ಯಾರೆ ಯಾರ್ನಾದ್ರೂ ಕಳ್ಸಿ,” ಎಂದಳು.

ಉಪದೇಶಿ ಸ್ಲೇಟನ್ನು ಅಂಗಿಯ ತೋಳಿನಿಂದ ಒರೆಸಿ, ಅದನ್ನೇ ಇನ್ನೂ ದೊಡ್ಡದಾಗಿ ಬರೆದರು. ಆಮೇಲೆ ಬಾಗಿಲ ಕಡೆ ಕೈ ತೋರಿಸಿದರು. ರೈಲಿನ ಹೊತ್ತಾಗಿತ್ತು.

ದಾರಿಯುದ್ದಕ್ಕೂ ಉಪದೇಶಿ ಕಲಿಸಿದ್ದ ಪ್ರಾರ್ಥನೆಯನ್ನು ಮನಸ್ಸಿನಲ್ಲಿ ಹೇಳಿಕೊಂಡರೆ ಪ್ರತಿ ಸಲವೂ ಬೇರೆ ಬೇರೆ ಕಡೆ ಸಿಕ್ಕಿಹಾಕಿಕೊಳ್ಳುತ್ತಿತ್ತು.

ಲೈನಿಗೆ ಬರುವ ಹೊತ್ತಿಗೆ ಪೆರುಮಾಳನ ಮನೆಯಲ್ಲಿ ಶವದ ಪೆಟ್ಟಿಗೆ ಸಿದ್ಧವಾಗಿತ್ತು. ಉಪದೇಶಿಯವರು ಬರಲಾರರೆಂದೂ, ಮಣ್ಣು ಮಾಡಿಸಲು ತನಗೇ ಹೇಳಿದ್ದಾರೆಂದೂ ಅವಳು ಹೇಳಿದಳು. ಪೆರುಮಾಳನ ಅಣ್ಣ ಕೋದಂಡಪ್ಪ ಎದ್ದ. ಅವನು ಈ ಮಂದಿರಕ್ಕೆ ಎಂದೂ ಕಾಲಿಟ್ಟವನಲ್ಲ. “ನಮ್ಮ ಕಡೆ ಎಂಗಸ್ರು ಮಣ್ಣಿಗೇ ಬರಲ್ಲ. ನೀನು ಬಂದು ಮಣ್ಣು ಮಾಡಿಸ್ತೀಯಾ?” ಎಂದು ಕೇಳಿದ.

ಮೂಲೆಯಲ್ಲಿ ನರಸಮ್ಮ ಗೋಡೆಗೆ ಒರಗಿ ಕುಳಿತಿದ್ದಳು. ಬೆಳಿಗ್ಗೆಯಿಂದ ಅತ್ತಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಹೊರಡುತ್ತದೆ, ಇವಳು ಇಲ್ಲೇ ಈ ಗೋಡೆ ನೋಡುತ್ತಾ ಕುಳಿತಿರುತ್ತಾಳೆ ಎಂಬುದು ಮುನಿಶಾಮಮ್ಮನಿಗೆ ಆಗ ಹೊಳೆಯಿತು. ಹೋಗಿ ಅವಳ ರಟ್ಟೆ ಹಿಡಿದಳು.

“ಏಳಕ್ಕಾ. ನೀನೂ ಬಾ.”

ನರಸಮ್ಮ ಎದ್ದಳು. ಲೈನಿನಲ್ಲಿ ಯಾರೂ ಕಂಡಿರದ ಸಂಗತಿ ಅದು. ಗಂಡಸರು ಪೆಟ್ಟಿಗೆ ಹೊತ್ತು ಹೊರಟರೆ ಹಿಂದೆ ಇಬ್ಬರು ಹೆಂಗಸರು, ಆಮೇಲೆ ನಾಲ್ವರು, ತಿರುವಿಗೆ ಬರುವಷ್ಟರಲ್ಲಿ ಇಪ್ಪತ್ತು ಮಂದಿ. ಸೈಕಲ್ಲಿನವರು ಇಳಿದು ನಿಂತರು. ಕೋದಂಡಪ್ಪ ಎರಡು ಸಲ ಹಿಂತಿರುಗಿ ನೋಡಿದ, ತಡೆಯಲಿಲ್ಲ.

ಗುಂಡಿಯ ಅಂಚಿನಲ್ಲಿ ಎಲ್ಲರೂ ಅವಳತ್ತ ನೋಡಿದರು. ಪ್ರಾರ್ಥನೆ ಶುರುಮಾಡಿದಳು. ನಾಲ್ಕು ಮಾತಾದ ಮೇಲೆ ತಲೆಯೊಳಗೆ ಏನೂ ಉಳಿಯಲಿಲ್ಲ. ಯಾರೋ ಕೆಮ್ಮಿದರು. ಓಡಿಹೋಗಲು ನೋಡಿದರೆ ನರಸಮ್ಮ ಅವಳ ಸೆರಗನ್ನು ಬಿಗಿಯಾಗಿ ಹಿಡಿದಿದ್ದಳು.

“ದೇವರೇ, ನಂಗೆ ಮರ್ತೋಯ್ತು,” ಎಂದಳು ಮುನಿಶಾಮಮ್ಮ. “ನಿನ್ನೆ ಈಯಪ್ಪ ನಂಗೆ ಕೊಡ ಎತ್ತಿಕೊಟ್ಟ. ಇವತ್ತು ಪೆಟ್ಟಿಗೇಲವ್ನೆ. ಯಾಕಂತ ನಂಗೆ ತಿಳೀತಿಲ್ಲ. ಇವನ್ನ ನೀನು ಇಟ್ಕೋ. ಈಯಮ್ಮನ ಕೈ ಬಿಡಬ್ಯಾಡ.”

ಅಷ್ಟೇ. ಬಗ್ಗಿ ಒಂದು ಹಿಡಿ ಮಣ್ಣು ಹಾಕಿದಳು. ಆಗ ನರಸಮ್ಮನಿಗೆ ಅಳು ಒಡೆದು ಬಂತು. ಅವಳ ಕೂಗಿಗೆ ಗಂಡಸರೂ ಮುಖ ಮುಚ್ಚಿಕೊಂಡರು.

ಮನೆಗೆ ಬಂದ ಮುನಿಶಾಮಮ್ಮ ತಾನು ದೇವರ ಮಾನ ತೆಗೆದೆನೆಂದು ಎರಡು ದಿನ ಊಟ ಬಿಟ್ಟಳು. ಇನ್ನು ಮಂದಿರದ ಕಡೆ ಮುಖ ಹಾಕುವುದಿಲ್ಲ ಎಂದುಕೊಂಡಳು. ಮೂರನೆಯ ದಿನ ಬಟ್ಟೆ ಒಗೆಯುತ್ತಿದ್ದಾಗ ಕೋದಂಡಪ್ಪ ಬಂದು ಎದುರಿಗೆ ನಿಂತ. ಬೈಯಲು ಬಂದಿದ್ದಾನೆ ಎಂದುಕೊಂಡಳು.

ಅವನು ನೆಲ ನೋಡುತ್ತಾ ಹೇಳಿದ: “ನಮ್ಮಮ್ಮ ಮಗ ಸತ್ತಾಗಿಂದ ಒಂದು ತುತ್ತು ತಿಂದಿಲ್ಲ. ಅವತ್ತು ಮಾತಾಡ್ದಂಗೆ ಅವಳತ್ರಾನೂ ಒಸಿ ಮಾತಾಡಮ್ಮ.”

ಇವನು ನಿಜವಾಗಿ ಕೇಳುತ್ತಿದ್ದಾನೆಯೇ ಎಂದು ಮುನಿಶಾಮಮ್ಮ ಅವನನ್ನೇ ನೋಡಿದಳು. ಏನು ಮಾತಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಸೋಪಿನ ಕೈಯನ್ನು ಸೀರೆಗೆ ಒರೆಸಿಕೊಂಡು, “ನಡಿ, ಬತ್ತೀನಿ,” ಎಂದು ಅವನ ಹಿಂದೆ ಹೊರಟಳು.