ತಕ್ಕಡಿ ಮುಳ್ಳು ತೋರಿಸದ ನೋವು

ಮಂಡಿ ಊದಿಕೊಂಡವರಿಗೆ ಮನೆಯಲ್ಲಿ ಮರ್ಯಾದೆ ಉಂಟು. ಜ್ವರ ಬಂದವರಿಗೆ ಹಾಸಿಗೆ ಉಂಟು. ಊತವೂ ಇಲ್ಲದೆ, ಜ್ವರವೂ ಇಲ್ಲದೆ ಮೈಯೆಲ್ಲ ನೋಯುವವರಿಗೆ ಏನುಂಟು? ಮೈಗಳ್ಳಿ ಎಂಬ ಹೆಸರೊಂದುಂಟು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬಳಿಗೆ ಆ ಹೆಸರು ಬಂದಿತ್ತು. ಅವಳ ಕಥೆ ಇದು. ನಗಿಸುವ ಕಥೆಯಲ್ಲ, ಆದರೂ ಸ್ವಲ್ಪ ಕೂತು ಕೇಳಿ.

ಅವಳ ಗಂಡ ತಕ್ಕಡಿ ರಿಪೇರಿ ಮಾಡುವವನು. ತರಕಾರಿಯವರು, ಹಳೆ ಕಬ್ಬಿಣದವರು ಎಲ್ಲರೂ ಅವನನ್ನು ತಕ್ಕಡಿಯಣ್ಣ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆ ತುಂಬ ಮೊಳೆ, ಮೊಳೆಗೊಂದು ಸ್ಪ್ರಿಂಗು, ತಟ್ಟೆ, ಕೊಕ್ಕೆ. ಕುಡಿಯುವವನಲ್ಲ, ಕೈ ಎತ್ತುವವನಲ್ಲ, ಒಳ್ಳೆಯ ಮನುಷ್ಯನೇ. ಆದರೆ ಮುಳ್ಳು ತೋರಿಸಿದ್ದನ್ನು ಬಿಟ್ಟು ಬೇರೇನನ್ನೂ ನಂಬುವವನಲ್ಲ.

ಅವಳು ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಿಸುತ್ತಿದ್ದಳು. ಅದು ಇಬ್ಬರ ಕೆಲಸ. ಎದುರುಬದುರು ನಿಂತು ನಾಲ್ಕು ತುದಿ ಹಿಡಿದು, ಸುಕ್ಕು ಬಿಡುವಂತೆ ಒಮ್ಮೆ ಜಗ್ಗಿ, ನಡೆದು ಬಂದು ತುದಿಗೆ ತುದಿ ಸೇರಿಸಬೇಕು. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ನಿದ್ದೆಗೆ ಹೊತ್ತುಗೊತ್ತು ಎಂಬುದೇ ಇರಲಿಲ್ಲ. ಅದರ ನಡುವೆ ಅವಳ ತಾಯಿ ತೀರಿಕೊಂಡಳು. ಅಳುವುದಕ್ಕೂ ರಜೆ ಸಿಗಲಿಲ್ಲ. ಆಮೇಲೆ ಒಂದು ದಿನ ಕೆಲಸದಿಂದ ಬರುವಾಗ ಬಸ್ಸು ಚಕ್ಕನೆ ನಿಂತು, ಅವಳ ಕುತ್ತಿಗೆ ಕಂಬಿಗೆ ಬಡಿಯಿತು.

ಏಟು ವಾಸಿಯಾಯಿತು, ನೋವು ಮಾತ್ರ ಹೋಗಲಿಲ್ಲ. ಕುತ್ತಿಗೆಯಿಂದ ಭುಜಕ್ಕೆ, ಭುಜದಿಂದ ಬೆನ್ನಿಗೆ, ಸೊಂಟಕ್ಕೆ, ತೊಡೆಗೆ ಇಳಿದು ಮೈತುಂಬ ಮನೆ ಮಾಡಿತು. ಬೆಳಿಗ್ಗೆ ಎದ್ದರೆ ರಾತ್ರಿ ಮಲಗಿಯೇ ಇಲ್ಲವೇನೋ ಎನ್ನುವಷ್ಟು ಸುಸ್ತು. ಒಲೆಯ ಮೇಲೆ ಹಾಲಿಟ್ಟು ಮರೆಯುವಳು. ಹೇಳಹೊರಟ ಮಾತು ಬಾಯಿಗೆ ಬಾರದೆ ನಿಂತುಬಿಡುವಳು. ಲಾಂಡ್ರಿಯಲ್ಲಿ ಎದುರಿನವಳು ಜಗ್ಗಿದರೆ ಇವಳ ಕೈಯಿಂದ ಶೀಟಿನ ತುದಿ ಜಾರಿ ನೆಲಕ್ಕೆ ಬೀಳುತ್ತಿತ್ತು. ನೆಲಕ್ಕೆ ಬಿದ್ದದ್ದನ್ನು ಮತ್ತೆ ಒಗೆಯಬೇಕು. ಸೂಪರ್‌ವೈಸರ್ ಕೆಲವು ದಿನ ನೋಡಿದ, ಆಮೇಲೆ ನಾಳೆಯಿಂದ ಬರಬೇಡ ಎಂದ.

ರಕ್ತ ಪರೀಕ್ಷೆ ಆಯಿತು, ಎಕ್ಸ್‌ರೇ ಆಯಿತು. ಎಲ್ಲ ಸರಿಯಾಗಿದೆ ಎಂದು ಬಂತು. ಸರಿಯಾಗಿದೆ ಎಂಬ ಮಾತು ಕೇಳಿ ಅವಳಷ್ಟು ಅತ್ತವರನ್ನು ನಾನು ಕಂಡಿಲ್ಲ.

ಅವಳ ಅತ್ತೆಗೆ ಕೀಲುವಾತ. ಮಂಡಿ, ಬೆರಳಗಂಟು ಎಲ್ಲ ಊದಿ ಎದ್ದು ಕಾಣುತ್ತಿದ್ದವು. ಆ ಮಂಡಿಗೆ ಬಿಸಿನೀರಿನ ಶಾಖ, ಕಾಲಿಗೆ ದಿಂಬು, ಕೂತಲ್ಲಿಗೆ ತಟ್ಟೆ. ಅವೆಲ್ಲವನ್ನೂ ಮಾಡುವವಳು ಸೊಸೆಯೇ.

“ಇವಳಮ್ಮನೂ ಹಿಂಗೇ ಇದ್ಲು,” ಎನ್ನುತ್ತಿದ್ದಳು ಅತ್ತೆ, ಬಂದವರ ಮುಂದೆಲ್ಲ. “ಮೈ ನೋವು, ಮೈ ನೋವು ಅಂತ ಮೂಲೆ ಹಿಡಿದೇ ಹೋದ್ಲು. ನೂಲಿನಂತೆ ಸೀರೆ, ತಾಯಿಯಂತೆ ಮಗಳು.”

ಗಂಡನಿಗೆ ತಾಯಿಯ ಮಾತೂ ಬೇಕಿರಲಿಲ್ಲ, ಹೆಂಡತಿಯ ಮಾತೂ ಬೇಕಿರಲಿಲ್ಲ. ಅವನಿಗೆ ಬೇಕಾದದ್ದು ಮುಳ್ಳು. ಅಡುಗೆಮನೆಯ ಬಾಗಿಲ ಮೇಲೆ ಒಂದು ಕೊಕ್ಕೆ ಹೊಡೆದು ಸ್ಪ್ರಿಂಗ್ ತಕ್ಕಡಿ ತೂಗುಹಾಕಿದ.

“ಬಾ, ಜಗ್ಗು,” ಎಂದ. “ಎಷ್ಟು ಶಕ್ತಿ ಇದೆ ಅಂತ ಇದೇ ಹೇಳುತ್ತೆ.”

ದಿನವೂ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅವಳು ಜಗ್ಗಬೇಕು. ಹೊಡೆತವಿಲ್ಲ, ಬೈಗುಳವಿಲ್ಲ, ಸುಮ್ಮನೆ ಒಂದು ಪರೀಕ್ಷೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂದು ಇಂಥದ್ದಕ್ಕೇ ಹೇಳುವುದು. ಬೆಳಿಗ್ಗೆ ಮುಳ್ಳು ಅಲ್ಲಾಡುತ್ತಲೇ ಇರಲಿಲ್ಲ. ಮಧ್ಯಾಹ್ನ ಚೆನ್ನಾಗಿಯೇ ತಿರುಗುತ್ತಿತ್ತು.

“ನೋಡಿದ್ಯಾ?” ಎಂದ ಅವನು. “ಬೆಳಿಗ್ಗೆ ಮನೆಕೆಲಸ ಜಾಸ್ತಿ, ಆಗ ಕೈಗೆ ಶಕ್ತಿ ಇಲ್ಲ. ಮಧ್ಯಾಹ್ನ ಕೆಲಸ ಮುಗಿದಿರುತ್ತೆ, ಆಗ ಶಕ್ತಿ ಬರುತ್ತೆ. ತಕ್ಕಡಿ ಸುಳ್ಳು ಹೇಳಲ್ಲ ಕಣೇ.”

“ಬೆಳಿಗ್ಗೆ ಮೈಯೆಲ್ಲ ಸೆಟೆದುಕೊಂಡಿರುತ್ತೆ ರೀ. ಬೆರಳು ಮಡಚಕ್ಕೇ ಆಗಲ್ಲ.”

“ಊದಿದೆಯಾ?”

“ಇಲ್ಲ.”

“ಕೆಂಪಗಾಗಿದೆಯಾ?”

ಅವಳು ಒಲೆಯ ಕಡೆ ತಿರುಗಿದಳು. ಇದನ್ನೆಲ್ಲ ಅವರ ಮಗಳು ಗೋಡೆಗೊರಗಿ ನೋಡುತ್ತಿದ್ದಳು. ಹೈಸ್ಕೂಲಿಗೆ ಹೋಗುವ ಹುಡುಗಿ. ಈಚೆಗೆ ಅವಳು ಶಾಲೆಯ ಚೀಲವನ್ನು ಹೆಗಲಿಗೆ ಹಾಕದೆ ಕೈಯಲ್ಲಿ ಹಿಡಿದು ನಡೆಯುತ್ತಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಆ ಮನೆಯಲ್ಲಿ ನೋವು ಎಂದವರಿಗೆ ಏನು ಕಾದಿದೆ ಎಂದು ಅವಳಿಗೆ ಗೊತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ನಮ್ಮ ಬೀದಿಯ ಮನೆಮನೆಯ ಸುದ್ದಿ ಬಲ್ಲ ಆರೋಗ್ಯ ಕೇಂದ್ರದ ನರ್ಸಮ್ಮ ಮಕ್ಕಳ ತೂಕದ ತಕ್ಕಡಿಯನ್ನು ರಿಪೇರಿಗೆ ತಂದರು.

“ಅಣ್ಣಾ, ಇದಕ್ಕೇನೋ ಆಗಿದೆ. ಮಗು ಮಲಗಿಸೋ ಮುಂಚೆನೇ ತೂಕ ತೋರಿಸುತ್ತೆ.”

“ಬರೀ ತಟ್ಟೆಗೇ ತೂಕನಾ? ಕೊಡಿ ಇಲ್ಲಿ.” ತಕ್ಕಡಿಯಣ್ಣ ತಟ್ಟೆ ಬಿಚ್ಚಿ ಒಳಗೆ ಇಣುಕಿದ.

“ಯಾಕೆ ಹಿಂಗಾಗುತ್ತೆ?”

“ಇದೇ ಅಂತ ಒಂದು ಕಾರಣ ಹೇಳಕ್ಕಾಗಲ್ಲ ನರ್ಸಮ್ಮ. ಕೆಲವಕ್ಕೆ ತಯಾರಾಗಿ ಬರೋವಾಗ್ಲೇ ಸ್ಪ್ರಿಂಗ್ ನಾಜೂಕು. ಕೆಲವನ್ನ ಬೀಳಿಸಿರ್ತಾರೆ. ಕೆಲವಕ್ಕೆ ತೇವ ತಾಗಿರುತ್ತೆ. ಇನ್ನು ಕೆಲವರು ಭಾರ ಇಳಿಸೋದೇ ಇಲ್ಲ, ಹಗಲೂ ರಾತ್ರಿ ನೇತುಹಾಕಿರ್ತಾರೆ. ಇದೆಲ್ಲ ಆದ್ರೂ ಕೆಲವು ಕೆಡಲ್ಲ, ಏನೂ ಆಗದೇನೂ ಕೆಲವು ಕೆಡುತ್ತೆ.”

ಮಾತಿನ ನಡುವೆ ಅವನಿಗೆ ಮಧ್ಯಾಹ್ನದ ಪರೀಕ್ಷೆ ನೆನಪಾಯಿತು. ಹೆಂಡತಿಯನ್ನು ಕರೆದ. ಅವಳು ಬಂದು, ನರ್ಸಮ್ಮನ ಕಡೆ ನೋಡದೆ, ಬಾಗಿಲ ಮೇಲಿನ ತಕ್ಕಡಿಯ ಕೊಕ್ಕೆ ಹಿಡಿದು ಜಗ್ಗಿದಳು. ತುಟಿ ಕಚ್ಚಿಕೊಂಡಿದ್ದಳು. ನರ್ಸಮ್ಮ ಎದ್ದು ನಿಂತರು.

“ಏನಣ್ಣ ಇದು?”

ಅವನು ಅಭಿಮಾನದಿಂದಲೇ ವಿವರಿಸಿದ. ನರ್ಸಮ್ಮ ಹೆಂಡತಿಯ ಹತ್ತಿರ ಹೋದರು. ಅವಳ ಕೈ ಹಿಡಿದು ಕೂರಿಸಿಕೊಂಡರು.

“ಅಕ್ಕ, ನೋವು ಶುರುವಾಗಿ ಮೂರು ತಿಂಗಳು ಆಯ್ತಾ?”

“ಅದೆಲ್ಲ ಯಾವಾಗ್ಲೋ ಆಯ್ತು.”

“ನಿದ್ದೆ?”

“ಕಣ್ಣು ಮುಚ್ಚಿರುತ್ತೆ ಅಷ್ಟೆ. ಎದ್ರೆ ಇನ್ನೂ ಸುಸ್ತು.”

“ನಿಮ್ಮಮ್ಮನಿಗೂ ಹಿಂಗೇ ಇತ್ತಂತೆ ಅಲ್ವಾ?”

ಅವಳು ತಲೆಯಾಡಿಸಿದಳು. “ಮೈ ಮುಟ್ಟಿದ್ರೆ ನೋಯುತ್ತೆ ಅಂತಿದ್ಲು. ಒಬ್ರೂ ನಂಬಲಿಲ್ಲ. ಕೊನೆಗೆ ಹೇಳೋದನ್ನೇ ಬಿಟ್ಲು. ನಾನೂ ಬಿಟ್ಟುಬಿಡ್ತೀನಿ ನರ್ಸಮ್ಮ. ಹೇಳಿ ಹೇಳಿ ಸಾಕಾಗಿದೆ.”

ನರ್ಸಮ್ಮ ಗಂಡನ ಕಡೆ ತಿರುಗಿದರು. “ಅಣ್ಣ, ಫೈಬ್ರೊಮಯಾಲ್ಜಿಯಾ ಅಂತ ಒಂದು ಕಾಯಿಲೆ ಇದೆ. ಇದು ಅದೇ ಅಂತ ನಾನು ಹೇಳಲ್ಲ, ಅದನ್ನ ಡಾಕ್ಟರೇ ನೋಡಿ ಹೇಳಬೇಕು. ಆದ್ರೆ ಅಕ್ಕನ್ನ ನೋಡಿದ್ರೆ ನನಗೆ ಆ ಅನುಮಾನ. ಅದರಲ್ಲಿ ಮೈಗೆ ನೋವು ತಿಳಿಸೋ ನರಗಳು, ಮಿದುಳು ಅತಿ ಸೂಕ್ಷ್ಮ ಆಗಿಬಿಡ್ತವೆ. ಸಣ್ಣ ಒತ್ತು ಕೂಡ ದೊಡ್ಡ ನೋವಾಗುತ್ತೆ. ಊದಲ್ಲ, ಎಕ್ಸ್‌ರೇಯಲ್ಲಿ ಕಾಣಲ್ಲ.”

“ಅದೆಂಥದೋ ಪೈಬ್ರೋ,” ಎಂದಳು ಅತ್ತೆ ಒಳಗಿನಿಂದ. “ನಮ್ಮ ಕಾಲದಲ್ಲಿ ಇರಲಿಲ್ಲಪ್ಪ.”

“ಇತ್ತು ಅಜ್ಜಿ. ಹೆಸರು ಗೊತ್ತಿರಲಿಲ್ಲ ಅಷ್ಟೆ. ನೂಲಿನಂತೆ ಸೀರೆ ಅಂತ ನೀವೇ ಹೇಳ್ತೀರಲ್ಲ, ಅದರಲ್ಲಿ ಸ್ವಲ್ಪ ನಿಜ ಇದೆ. ತಾಯಿಗೋ ಅಕ್ಕತಂಗಿಗೋ ಇದ್ರೆ ಇದು ಬರೋ ಸಂಭವ ಹೆಚ್ಚು. ನೀವು ಆಡಿಕೊಳ್ಳೋಕೆ ಹೇಳಿದ್ರಿ, ಡಾಕ್ಟರು ಕೇಳಿ ಬರ್ಕೊಳ್ತಾರೆ.”

ನರ್ಸಮ್ಮ ಬಿಡಲಿಲ್ಲ. “ನಿಮ್ಮ ಥರ ಕೀಲುವಾತ ಇರೋರಿಗೂ ಸಂಭವ ಜಾಸ್ತಿ.”

“ನನಗೂನಾ?” ಅತ್ತೆ ಸೆರಗಿನಿಂದ ಮಂಡಿ ಮುಚ್ಚಿಕೊಂಡಳು, ಕಾಯಿಲೆ ಬಾಗಿಲಲ್ಲೇ ನಿಂತು ನೋಡುತ್ತಿದೆಯೇನೋ ಎಂಬಂತೆ.

ತಕ್ಕಡಿಯಣ್ಣ ಇನ್ನೂ ಒಪ್ಪಿರಲಿಲ್ಲ. “ಅಷ್ಟು ನೋವಿದ್ರೆ ಬೆಳಿಗ್ಗೆ ಒಂಥರ, ಮಧ್ಯಾಹ್ನ ಒಂಥರ ಯಾಕೆ?”

“ಈ ಕಾಯಿಲೆ ದಾರಿನೇ ಅದು. ಒಂದೊಂದು ಹೊತ್ತು ಏರುತ್ತೆ, ಒಂದೊಂದು ಹೊತ್ತು ಇಳಿಯುತ್ತೆ. ಬೆಳಿಗ್ಗೆ ಮೈ ಸೆಟೆದಿರೋದು ತುಂಬಾ ಜನಕ್ಕೆ. ನೀವು ಅಳೆದಿದ್ದು ಅಕ್ಕನ ಸುಳ್ಳಲ್ಲ ಅಣ್ಣ, ಕಾಯಿಲೆನ.” ಆಮೇಲೆ ನರ್ಸಮ್ಮ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಮಕ್ಕಳ ತಕ್ಕಡಿಯನ್ನು ಮುಟ್ಟಿದರು. “ಈಗ ತಾನೇ ಹೇಳಿದ್ರಿ. ನಾಜೂಕು ಸ್ಪ್ರಿಂಗು, ಬಿದ್ದ ಏಟು, ತೇವ, ಇಳಿಸದ ಭಾರ. ಅಕ್ಕನಿಗೆ ತಾಯಿ ಕಡೆಯಿಂದ ಬಂದಿರಬಹುದು. ಬಸ್ಸಲ್ಲಿ ಏಟು ಬಿತ್ತು. ಅಮ್ಮ ಹೋದ ದುಃಖ ಒಳಗೇ ಉಳೀತು. ವರ್ಷಗಟ್ಟಲೆ ನಿದ್ದೆ ಇಲ್ಲ. ಕೆಲವರಿಗೆ ದೊಡ್ಡ ಸೋಂಕಾದ ಮೇಲೆ ಶುರುವಾಗುತ್ತೆ. ಮೈತೂಕ ಹೆಚ್ಚಿದ್ರೂ ಸಂಭವ ಏರುತ್ತೆ. ಹೆಂಗಸರಲ್ಲಿ ಜಾಸ್ತಿ, ಗಂಡಸರಿಗೂ ತಪ್ಪಿದ್ದಲ್ಲ. ಯಾವ ವಯಸ್ಸಲ್ಲಾದ್ರೂ ಬರಬಹುದು, ನಡುವಯಸ್ಸಲ್ಲಿ ಹೆಚ್ಚು. ಇವೆಲ್ಲ ಇದ್ದವರಿಗೆಲ್ಲ ಬರುತ್ತೆ ಅಂತೇನಿಲ್ಲ. ಬಂದ್ರೆ ಅದು ಅವರ ತಪ್ಪೂ ಅಲ್ಲ.”

ಅವನು ಸ್ಪ್ರಿಂಗನ್ನು ಬೆರಳಲ್ಲಿ ತಿರುಗಿಸುತ್ತ ಕುಳಿತ.

“ಒಂದು ಕೇಳ್ತೀನಿ,” ಎಂದರು ನರ್ಸಮ್ಮ. “ಇಷ್ಟು ವರ್ಷದಲ್ಲಿ ಕೆಟ್ಟ ತಕ್ಕಡಿ ಮುಂದೆ ಕೂತು ಯಾವತ್ತಾದ್ರೂ ಅದನ್ನ ಬೈದಿದೀರಾ?”

“ಇಲ್ಲ,” ಎಂದ. ಸ್ಪ್ರಿಂಗನ್ನು ಮೇಜಿನ ಮೇಲಿಟ್ಟು, “ಬೈದ್ರೆ ಏನ್ ಬಂತು,” ಎಂದ. ಹೆಂಡತಿಯ ಮುಖ ನೋಡಲು ಅವನಿಂದ ಆಗಲಿಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಅವನು ಮುಳ್ಳನ್ನು ಕಂಡಿದ್ದ, ಅದನ್ನು ಜಗ್ಗುವವಳ ತುಟಿಯನ್ನು ಕಂಡಿರಲಿಲ್ಲ.

ಆ ವಾರವೇ ಗಂಡ, ಹೆಂಡತಿ, ನರ್ಸಮ್ಮ ಮೂವರೂ ದೊಡ್ಡಾಸ್ಪತ್ರೆಗೆ ಹೋದರು. ಸಂಧಿವಾತದ ಡಾಕ್ಟರು ಅವಳ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿದರು. ಥೈರಾಯ್ಡ್ ತೊಂದರೆ, ಕೀಲುವಾತ ಇವೆಲ್ಲ ಇಲ್ಲವೆಂದು ಖಚಿತ ಮಾಡಿಕೊಳ್ಳಲು ಇನ್ನೂ ಕೆಲವು ಪರೀಕ್ಷೆ ಮಾಡಿಸಿದರು. ಕೊನೆಗೆ ನರ್ಸಮ್ಮ ಹೇಳಿದ ಹೆಸರನ್ನೇ ಹೇಳಿದರು. ಕಾಯಿಲೆಗೆ ಹೆಸರು ಸಿಕ್ಕಿತೆಂದು ಅವಳು ಅಲ್ಲೇ ಕುರ್ಚಿಯಲ್ಲಿ ಅತ್ತಳು.

ಮುಂದೆ ಎಲ್ಲ ಸುಖವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಪೂರ್ತಿ ವಾಸಿಯಾಗುವ ಮದ್ದು ಇದಕ್ಕಿಲ್ಲ, ಹತೋಟಿಯಲ್ಲಿ ಇಡಬಹುದು. ಮಾತ್ರೆ ಕೊಟ್ಟರು. ದಿನವೂ ಒಂದೇ ಹೊತ್ತಿಗೆ ಮಲಗಬೇಕೆಂದರು. ಮೊದಮೊದಲು ಬೀದಿಯ ತಿರುವಿನವರೆಗೆ ಮಾತ್ರ ನಡೆದು, ಮೈ ಒಪ್ಪಿದಂತೆ ನಿಧಾನವಾಗಿ ಹೆಚ್ಚಿಸಬೇಕೆಂದರು. ಒಳಗಿನ ದುಃಖವನ್ನು ಹೇಳಿಕೊಳ್ಳಲು ಆಪ್ತಸಮಾಲೋಚಕರ ಹತ್ತಿರ ಕಳಿಸಿದರು. ಈಗ ಕೆಲವು ದಿನ ಅವಳು ನಗುತ್ತಾಳೆ. ಕೆಲವು ದಿನ ಬಾಗಿಲು ಹಾಕಿಕೊಂಡು ಮಲಗುತ್ತಾಳೆ. ಲಾಂಡ್ರಿ ಕೆಲಸ ಮತ್ತೆ ಸಿಗಲಿಲ್ಲ. ಅತ್ತೆ ತನ್ನ ಬಿಸಿನೀರನ್ನು ತಾನೇ ಕಾಯಿಸಿಕೊಳ್ಳುತ್ತಾಳೆ, ಗೊಣಗುತ್ತಲೇ, ಆದರೆ ಕಾಯಿಸಿಕೊಳ್ಳುತ್ತಾಳೆ.

ತಕ್ಕಡಿಯಣ್ಣ ಬಾಗಿಲ ಮೇಲಿನ ತಕ್ಕಡಿಯನ್ನು ಇಳಿಸಿದ. ಕೊಕ್ಕೆ ಕೀಳಲು ಮರೆತಿದ್ದ.

ಒಂದು ಸಂಜೆ ಮಗಳು ಶಾಲೆಯಿಂದ ಬಂದು ಅವನ ಮೇಜಿನ ಹತ್ತಿರ ನಿಂತಳು. ಚೀಲ ಕೈಯಲ್ಲೇ ಇತ್ತು. ಹೋಗುವುದೋ ಇರುವುದೋ ಎಂಬಂತೆ ತುಂಬಾ ಹೊತ್ತು ನಿಂತಳು.

“ಅಪ್ಪ, ನನಗೆ ಭುಜ ನೋಯುತ್ತೆ.”

ಅವನು ತಲೆ ಎತ್ತಿದ. ಹುಡುಗಿಯ ಕಣ್ಣು ಬಾಗಿಲ ಮೇಲಿನ ಕೊಕ್ಕೆಯ ಮೇಲಿತ್ತು.

“ಎಷ್ಟು ದಿನದಿಂದ?”

“ತುಂಬಾ ದಿನದಿಂದ. ಅಪ್ಪ, ಜಗ್ಗಿ ತೋರಿಸಬೇಕಾ?”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವನು ಕೈಲಿದ್ದ ಕೆಲಸ ಕೆಳಗಿಟ್ಟ. ಎದ್ದು ಇಕ್ಕಳ ತೆಗೆದುಕೊಂಡು ಹೋಗಿ ಕೊಕ್ಕೆಯನ್ನು ಕಿತ್ತ. ಗೋಡೆಯ ಗಾರೆಯೂ ಸ್ವಲ್ಪ ಉದುರಿತು. ಬಂದು ಮಗಳಿಗೆ ತನ್ನ ಸ್ಟೂಲು ಕೊಟ್ಟು, ತಾನು ನೆಲದ ಮೇಲೆ ಕುಳಿತ.

“ಬೇಡಮ್ಮ,” ಎಂದ. “ಬಾಯಲ್ಲಿ ಹೇಳು ಸಾಕು. ಎಲ್ಲೆಲ್ಲಿ ನೋಯುತ್ತೆ?”

ಅವಳು ಹೇಳತೊಡಗಿದಳು. ತಾಯಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. “ನಮ್ಮಮ್ಮನ್ನ ಹಿಂಗೆ ಒಬ್ರಾದ್ರೂ ಕೇಳಿದ್ರೆ,” ಎಂದಳು, ಯಾರಿಗೂ ಅಲ್ಲದಂತೆ.

ಮರುದಿನ ನರ್ಸಮ್ಮ ಹುಡುಗಿಯನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಎಳೆ ವಯಸ್ಸಿನ ಭುಜನೋವಿಗೆ ನೂರು ಕಾರಣ, ತಾಯಿಗೆ ಬಂದದ್ದೇ ಮಗಳಿಗೂ ಬರಬೇಕೆಂದಿಲ್ಲ ಎಂದು ಡಾಕ್ಟರು ಧೈರ್ಯ ಹೇಳಿದರು. ಅದು ಏನೇ ಇರಲಿ, ಅವಳು ಬಾಯಿಬಿಟ್ಟು ಹೇಳಿದಳು, ಮನೆಯವರು ಕೇಳಿದರು.

ಈ ಕಥೆ ಕೇಳಿದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬರು ಮೂರು ತಿಂಗಳಿಗೂ ಹೆಚ್ಚು ಕಾಲ ಮೈಯೆಲ್ಲ ನೋವು ಎನ್ನುತ್ತಿರಬಹುದು. ಮಲಗೆದ್ದರೂ ಸುಸ್ತು ಎನ್ನುತ್ತಿರಬಹುದು, ಮಾತು ಮರೆಯುತ್ತಿರಬಹುದು. ಅವರ ತಾಯಿಗೆ ಹೀಗಿತ್ತೇ, ಅಪಘಾತವಾಗಿತ್ತೇ, ದೊಡ್ಡ ಕಾಯಿಲೆ ಬಂದಿತ್ತೇ, ನಿದ್ದೆ ಕೆಟ್ಟಿತ್ತೇ, ಮನಸ್ಸಿಗೆ ಪೆಟ್ಟು ಬಿದ್ದಿತ್ತೇ ಎಂದು ನೆನಪಿಸಿಕೊಂಡು ಡಾಕ್ಟರಿಗೆ ಹೇಳಿ. ತಾಯಿಯ ಕಡೆಯಿಂದ ಬಂದದ್ದನ್ನು, ಹೆಣ್ಣಾಗಿ ಹುಟ್ಟಿದ್ದನ್ನು ಯಾರೂ ಬದಲಿಸಲಾಗದು. ನಿದ್ದೆ, ನಡಿಗೆ, ಮೈತೂಕ, ಮನಸ್ಸಿನ ಭಾರ ಇವನ್ನು ಮನೆಯವರೆಲ್ಲ ಸೇರಿ ಸ್ವಲ್ಪವಾದರೂ ಸರಿಮಾಡಬಹುದು. ರಿಪೋರ್ಟು ಸರಿ ಇದೆ ಎಂದ ಮಾತ್ರಕ್ಕೆ ಆ ಮನುಷ್ಯರನ್ನು ಸುಳ್ಳುಗಾರರ ಸಾಲಿಗೆ ಸೇರಿಸಬೇಡಿ.

ಇವತ್ತೇ ಅವರ ಹತ್ತಿರ ಹೋಗಿ ಕೂತುಕೊಳ್ಳಿ. ಎಲ್ಲಿ ನೋಯುತ್ತೆ ಎಂದು ಕೇಳಿ, ಅವರು ಹೇಳಿ ಮುಗಿಸುವ ತನಕ ಏಳಬೇಡಿ.