ತಗ್ಗಿನ ಬೀದಿಯ ನೀರು

ದಾರದಷ್ಟು ನೀರು, ಅದೂ ಕೊಡಕ್ಕೆ ಬೀಳದೆ ನಲ್ಲಿಯ ಅಂಚಿಗೇ ಅಂಟಿಕೊಂಡು ಇಳಿಯುತ್ತಿದೆ, ವಾಷರ್ ಬದಲಾಯಿಸಿದೆ, ಮೀಟರಿನ ಜಾಲರಿ ತೆಗೆದು ಮರಳು ಕೊಡವಿದೆ, ಪೈಪು ಬಿಚ್ಚಿ ಊದಿದೆ, ತರೀಕೆರೆಯಿಂದ ಹೊಸ ನಲ್ಲಿ ತಂದು ಹಾಕಿದೆ, ದಾರ ದಾರವೇ — ನಮ್ಮ ಬೀದಿ ತಗ್ಗಿನಲ್ಲಿದೆ, ತಗ್ಗಿಗೆ ನೀರು ಜೋರಾಗಿ ಬರಬೇಕು, ಬಿಎಸ್ಸಿಯಲ್ಲಿ ಓದಿದ್ದು ಸುಳ್ಳೇ, ಅಪ್ಪನೇ ಊರಿನ ನೀರಗಂಟಿ, ಕೇಳಿದರೆ ಟ್ಯಾಂಕಲ್ಲೇ ಇಲ್ಲ ಕಣವ್ವ ಅನ್ನುತ್ತಾನೆ, ಗೋಡೆ ನೋಡುತ್ತಾನೆ. ನೀರು ಮೇಲಕ್ಕೆ ಏರದ್ದಕ್ಕೇ ಮನೆಮನೆ ಮುಂದೆ ಸೊಂಟದಾಳದ ಗುಂಡಿ, ನಲ್ಲಿ ಅದರೊಳಗೆ, ಅವ್ವ ದಿನಾ ಇಳಿದು ಹತ್ತುತ್ತಿದ್ದಳು, ಯುಗಾದಿಯ ಹಿಂದಿನ ದಿನ ತುಂಬಿದ ಕೊಡದ ಸಮೇತ ಜಾರಿದಳು, ಸೊಂಟದ ಮೂಳೆ, ಈಗ ಮಂಚ, ಬೆನ್ನಿನ ಹುಣ್ಣು, ತೊಳೆಯಲು ದಿನಕ್ಕೆ ನಾಲ್ಕು ಕೊಡ ಬೇಕು, ಮಾಯಾ, ನೀರು ಬಂತೇನೇ ಅಂತ ಮಂಚದಿಂದ ಅವ್ವ, ಬತ್ತೈತೆ ಕಣವ್ವ ಅಂತ ನಾನು.

ಅಪ್ಪನಿಗೆ ಜ್ವರ, ಹಾಗಾಗಿ ಬೀದಿಬೀದಿಗೆ ನೀರು ಬಿಡುವ ವಾಲ್ವಿನ ಕೀಲಿ ಇವತ್ತು ನನ್ನ ಕೈಗೆ, ನಮ್ಮ ಬೀದೀದು ಆರು ಸುತ್ತು ಬಿಡು, ಆರೇ, ಎಣಿಸ್ಕೊ ಅಂದ. ಟ್ಯಾಂಕಿನ ಕೆಳಗೆ ನಿಂತು ಎಣಿಸಿದೆ, ನಾಲ್ಕು, ಐದು, ಆರು, ಕೀಲಿ ನಿಲ್ಲಲಿಲ್ಲ, ಏಳಕ್ಕೆ ತುಕ್ಕು ಕಿರುಗುಟ್ಟಿತು, ಆಮೇಲೆ ಸಲೀಸು, ಹತ್ತು, ಹದಿನೆಂಟು, ನೆಲದೊಳಗೆ ನೀರು ಹೊರಳಿದ ಸದ್ದು, ಕೆಳಗೆ ನಮ್ಮ ಬೀದಿಯಿಂದ ಪಕ್ಕದ ಮನೆಯ ಅಂಬಮ್ಮನ ಕೂಗು, ಲೇ ಮಾಯಾ, ನಲ್ಲಿ ಕಿತ್ಕೊಂಡ್ ಹೋಯ್ತದೆ ಕಣೇ, ಕೂಗುತ್ತಲೇ ನಗುತ್ತಿದ್ದಳು. ಅಂದರೆ ಟ್ಯಾಂಕಿನಲ್ಲಿ ನೀರಿತ್ತು, ಅಪ್ಪ ನೀರಗಂಟಿಯಾಗಿರುವ ಇಪ್ಪತ್ತೆರಡು ವರ್ಷವೂ ಇತ್ತು, ನಮ್ಮ ಮನೆಯ ಗುಂಡಿ ತೋಡಿದ್ದೂ ಅಪ್ಪನೇ — ಅಷ್ಟರಲ್ಲಿ ಮೇಲಿನ ಬೀದಿಯ ಮಹಡಿಯಿಂದ ಮಲ್ಲಿಕಾರ್ಜುನಯ್ಯನವರು, ನಿಮ್ಮಪ್ಪಂಗೆ ಒಂದ್ ಫೋನ್ ಮಾಡವ್ವ, ನಮ್ಮ ಮಹಡಿಗೆ ನೀರು ಹತ್ತುತಾ ಇಲ್ಲ, ಬೈಯಲಿಲ್ಲ, ಮೆಲ್ಲಗೇ ಅಂದರು. ನಾನು ಮಾಡಲಿಲ್ಲ. ಅವರೇ ಮಾಡಿರಬೇಕು, ಅಪ್ಪ ಕಂಬಳಿ ಹೊದ್ದು ನಡುಗುತ್ತಾ ಏರು ಹತ್ತಿ ಬಂದ, ಆರು ಅಂತ ಯಾರು ಹೇಳಿದ್ದು ಅಂದೆ, ಯಾರೂ ಹೇಳ್ಲಿಲ್ಲ ಕಣವ್ವ, ಮೇಲಿನ ಬೀದಿಯೋರು ಹೇಳೋಕ್ ಮುಂಚೆ ನಾನೇ ಆರಕ್ಕೆ ನಿಲ್ಲಿಸ್ತಿದ್ದೆ. ಅವ್ವನ ಸೊಂಟ ಅಂದೆ. ಕೇಳಿಸಿತು, ಕಣ್ಣು ರೆಪ್ಪೆ ಬಡಿಯಿತು, ಆದರೂ ಕೈ ಚಾಚಿದ, ಕೀಲಿ ಕೊಟ್ಟೆ, ನಾನು ಯಾಕೆ ಕೊಟ್ಟೆ, ಬಿಗಿಯಾಗಿ ಹಿಡಿದುಕೊಂಡೇ ಇದ್ದೆನಲ್ಲ, ಅಪ್ಪ ಬಗ್ಗಿದ, ಕಂಬಳಿ ಜಾರಿತು, ಕೀಲಿ ಹಿಂದಕ್ಕೆ ತಿರುವಿದ, ಒಂದು, ತುಟಿ ಅಲುಗಿತು, ಎರಡು, ಸದ್ದಿಲ್ಲ, ಬರೀ ತುಟಿ, ಕೆಳಗೆ ಅಂಬಮ್ಮನ ನಗು ನಿಂತಿತು, ಮೂರು, ಜ್ವರಕ್ಕೆ ಒಡೆದ ತುಟಿ, ತಪ್ಪಬಾರದೆಂದು ಎಣಿಸುವ ತುಟಿ, ಅಪ್ಪನ ತುಟಿ